ಹೆಬ್ಬಾಳ, ವಿ.ಸಿ. ಫಾರಂ ಮತ್ತು ರಾಗಿ: ತಳಿ ಕಟ್ಟಿದವರ ಚರಿತ್ರೆ

ಹಳೆ ಮೈಸೂರು ಸೀಮೆಯ ಕೃಷಿ ಸಂಶೋಧನೆ ಎರಡು ಹೊಲಗಳಲ್ಲಿ ಬೆಳೆಯಿತು. ಒಂದು ಬೆಂಗಳೂರಿನ ಹೆಬ್ಬಾಳದ ಕೆಮ್ಮಣ್ಣಿನ ಹೊಲ, ಇನ್ನೊಂದು ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಬಯಲಿನ ವಿ.ಸಿ. ಫಾರಂ. ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರವರೆಗಿನ ಭೀಕರ ಕ್ಷಾಮ, ಮೈಸೂರು ಸಂಸ್ಥಾನದ ಹಳ್ಳಿಗಳನ್ನು ಬರಿದು ಮಾಡಿತ್ತು. ಮಳೆ ಕೈಕೊಟ್ಟರೆ ರಾಗಿಯಿಲ್ಲ, ರಾಗಿಯಿಲ್ಲದಿದ್ದರೆ ಊಟವಿಲ್ಲ ಎಂಬುದನ್ನು ಆ ಬರ ಆಡಳಿತಕ್ಕೂ ಮನಗಾಣಿಸಿತು. ಎರಡು ದಶಕಗಳ ನಂತರ, 1899ರಲ್ಲಿ, ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿ ಪ್ರಯೋಗಕ್ಕೆಂದು ಕೊಟ್ಟರು. ಇಂದಿನ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಬೇರು ಇರುವುದು ಆ ಮೂವತ್ತು ಎಕರೆಯಲ್ಲಿ.

ಅಲ್ಲಿ ಮೊದಲು ಕೆಲಸಕ್ಕೆ ಕೂತವರು ಕೆನಡಾ ಮೂಲದ ಕೃಷಿ ರಸಾಯನ ತಜ್ಞ ಅಡಾಲ್ಫ್ ಲೆಹ್‌ಮನ್. ಅವರದು ಮಣ್ಣು, ಗೊಬ್ಬರ, ಕಬ್ಬುಗಳ ಪರೀಕ್ಷೆಯ ಕಾಲ. ಒಂದು ಇಲಾಖೆ ಎನ್ನಬಹುದಾದ ರೂಪ ಬಂದದ್ದು ಮತ್ತೊಬ್ಬ ಕೆನಡಿಯನ್ನರ ಕೈಯಲ್ಲಿ. 1878ರಲ್ಲಿ ಒಂಟಾರಿಯೋ ಪ್ರಾಂತದಲ್ಲಿ ಹುಟ್ಟಿ, ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದಿದ್ದ ಲೆಸ್ಲಿ ಚಾರ್ಲ್ಸ್ ಕೋಲ್ಮನ್ 1908ರಲ್ಲಿ ಮೈಸೂರಿಗೆ ಬಂದರು. ಬಂದದ್ದು ಗಿಡಗಳ ರೋಗ ಮತ್ತು ಕೀಟಗಳ ತಜ್ಞರಾಗಿ. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರವರೆಗೆ ಸಂಸ್ಥಾನದ ಬೇಸಾಯದ ಹೊಣೆ ಹೊತ್ತರು.

ಕೋಲ್ಮನ್ ಮೊದಲು ಹೋದದ್ದು ಮಲೆನಾಡಿಗೆ. ಮಳೆಗಾಲದಲ್ಲಿ ಅಡಿಕೆ ತೋಟಗಳಿಗೆ ಬೀಳುತ್ತಿದ್ದ ಕೊಳೆರೋಗ ಅಂದಿನ ಮಲೆನಾಡಿನ ದೊಡ್ಡ ಸಂಕಟ. ಎಳೆಯ ಕಾಯಿಗಳು ಕೊಳೆತು ರಾಶಿರಾಶಿಯಾಗಿ ಉದುರುತ್ತಿದ್ದವು. ತೋಟಿಗರಿಗೆ ಗೊತ್ತಿದ್ದ ಒಂದೇ ಉಪಾಯ ಕೊಟ್ಟೆ ಕಟ್ಟುವುದು, ಅಂದರೆ ಗೊನೆಗೊನೆಗೂ ಕೊಡೆಯಂತೆ ಹೊದಿಕೆ ಹಾಕಿ ಮಳೆಯ ನೀರು ತಾಗದಂತೆ ಕಾಯುವುದು. ಆ ಉಪಾಯ ದಡ್ಡತನದ್ದಲ್ಲ. ಒದ್ದೆಯಿಂದಲೇ ರೋಗ ಹರಡುತ್ತದೆ ಎಂಬ ತಿಳಿವು ಅದರೊಳಗೇ ಇತ್ತು. ಕೋಲ್ಮನ್ ಆ ತಿಳಿವನ್ನು ಮುಂದಕ್ಕೆ ಒಯ್ದರು. ರೋಗ ತರುವ ಶಿಲೀಂಧ್ರವನ್ನು ಗುರುತಿಸಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಒಗ್ಗಿಸಿದರು. ಮಲೆನಾಡಿನ ಮಳೆಗೆ ಔಷಧ ತೊಳೆದುಹೋಗದಂತೆ ಅದಕ್ಕೆ ರಾಳದ ಅಂಟನ್ನು ಸೇರಿಸುವ ಕ್ರಮವನ್ನೂ ರೂಪಿಸಿದರು. ಕೊಳೆರೋಗದ ಮೇಲಿನ ಅವರ ವರದಿ 1910ರಲ್ಲಿ ಪ್ರಕಟವಾಯಿತು.

ಈ ಔಷಧ ನಿಂತದ್ದು ಅದನ್ನು ತೋಟದಲ್ಲೇ ಮಾಡಿಕೊಳ್ಳಬಹುದಾಗಿದ್ದರಿಂದ. ಮೈಲುತುತ್ತವನ್ನು ಒಂದು ಪಾತ್ರೆಯ ನೀರಿನಲ್ಲಿ, ಸುಣ್ಣವನ್ನು ಇನ್ನೊಂದರಲ್ಲಿ ಕರಗಿಸಿ, ಎರಡನ್ನೂ ಒಟ್ಟಿಗೆ ಮೂರನೆಯ ಪಾತ್ರೆಗೆ ಸುರಿಯಬೇಕು. ಹದ ಸರಿಯಾಗಿದೆಯೇ ಎಂದು ನೋಡಲು ಯಾವ ಉಪಕರಣವೂ ಬೇಡ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದರಾಯಿತು. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಕೆಂಪು ಕೂರದಿದ್ದರೆ ಔಷಧ ಸಿದ್ಧ. ಮರವೇರಿ ಅದನ್ನು ಗೊನೆಗೆ ಹೊಡೆಯುವ ಕೊನೆಗೌಡನಿಗೂ ಈ ಪರೀಕ್ಷೆ ಬರುತ್ತದೆ. ನೂರು ವರ್ಷ ದಾಟಿದರೂ ಮಲೆನಾಡಿನಲ್ಲಿ ಮುಂಗಾರಿನ ಹೊತ್ತಿಗೆ ಈ ಕೆಲಸ ತಪ್ಪದೆ ನಡೆಯುತ್ತದೆ.

ಕೋಲ್ಮನ್ನರ ಹೆಸರು ಕೀಟಶಾಸ್ತ್ರದಲ್ಲೂ ಉಳಿದಿದೆ. ಬಯಲುಸೀಮೆಯ ಜೋಳದ ಹೊಲಗಳನ್ನು ಬೋಳಿಸುತ್ತಿದ್ದ ರೆಕ್ಕೆಯಿಲ್ಲದ ಮಿಡತೆಯೊಂದಕ್ಕೆ ಸ್ಪೇನಿನ ಕೀಟಶಾಸ್ತ್ರಜ್ಞ ಬೊಲಿವಾರ್ 1910ರಲ್ಲಿ ‘ಕೋಲ್ಮೇನಿಯ’ ಎಂಬ ಕುಲನಾಮವನ್ನಿಟ್ಟರು. ಆ ಮಿಡತೆಯ ಮೇಲಿನ ಕೆಲಸದಲ್ಲಿ ಜೊತೆಗಿದ್ದವರು ಕೆ. ಕುಞ್ಞಿಕಣ್ಣನ್. ಕಣ್ಣೂರಿನ ಕಡೆಯಿಂದ ಬಂದ ಅವರು ಮೈಸೂರಿನ ಇಲಾಖೆಯಲ್ಲಿ ಕೀಟತಜ್ಞರಾಗಿ ಬೆಳೆದರು. ಶಿಲೀಂಧ್ರಗಳ ಕಡೆ ಎಂ.ಜೆ. ನರಸಿಂಹನ್ ಕೊಳೆರೋಗದ ಅಭ್ಯಾಸವನ್ನು ಮುಂದುವರಿಸಿದರು. ಇಲಾಖೆಯ ಚರಿತ್ರೆ ಹೇಳುವಾಗ ಕೋಲ್ಮನ್ನರ ಹೆಸರಷ್ಟೇ ಎದ್ದು ಕಾಣುವುದು ವಾಡಿಕೆಯಾಗಿದೆ. ಆದರೆ ಅವರ ಕಾಲದಲ್ಲೇ ಈ ನೆಲದ ತಜ್ಞರ ಒಂದು ತಲೆಮಾರು ತಯಾರಾಯಿತು. ಕೋಲ್ಮನ್ ಮಾಡಿದ ಕೆಲಸಗಳಲ್ಲಿ ಹೆಚ್ಚು ಬಾಳಿದ್ದು ಇದೇ ಎಂದರೆ ತಪ್ಪಾಗದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಬಂತು. ಕೃಷಿ ಶಾಲೆಯಿದ್ದ ಜಾಗದಲ್ಲಿ 1946ರಲ್ಲಿ ಕೃಷಿ ಕಾಲೇಜು ಆಯಿತು.

ರಾಗಿ ಇಲಾಖೆಯ ಕಣ್ಣಿಗೆ ಬಿದ್ದದ್ದು ಸ್ವಲ್ಪ ತಡವಾಗಿ. ಸಂಸ್ಥಾನದ ಬಹುಪಾಲು ಜನರ ಅನ್ನ ಅದೇ. ಆದರೂ ಅಡಿಕೆ, ಕಾಫಿ, ಕಬ್ಬಿನಂತೆ ಅದು ಹಣ ತರುವ ಬೆಳೆಯಾಗಿರಲಿಲ್ಲ. ರೈತರ ಬಳಿ ಮಾತ್ರ ರಾಗಿಯ ಜ್ಞಾನ ತುಂಬಿತ್ತು. ಗಿಡ್ಡ ರಾಗಿ, ಹುಲ್ಲುಬಿಳಿ, ಉಂಡೆ ರಾಗಿ, ಜೇನುಗೂಡು ಎಂದು ತೆನೆಯ ರೂಪ, ಗಿಡದ ಎತ್ತರ, ಹುಲ್ಲಿನ ಗುಣ ನೋಡಿ ಹೆಸರಿಟ್ಟ ತಳಿಗಳಿದ್ದವು. ಬೇಸಿಗೆ ಮಳೆಗೆ ಬಿತ್ತುವ ಕಾರು ರಾಗಿ ಬೇರೆ, ಮುಂಗಾರು ಕೂತ ಮೇಲೆ ಬಿತ್ತುವ ಹೈನು ರಾಗಿ ಬೇರೆ. ಕೂರಿಗೆಯಲ್ಲಿ ಬಿತ್ತಿ, ನಡುವೆ ಅವರೆ, ತೊಗರಿ, ಜೋಳಗಳ ಅಕ್ಕಡಿ ಸಾಲು ಹಾಕಿ, ಪೈರು ಎದ್ದ ಮೇಲೆ ಕುಂಟೆ ಹೊಡೆಯುವ ಕ್ರಮವನ್ನು ಯಾವ ಇಲಾಖೆಯೂ ಕಲಿಸಿಕೊಟ್ಟದ್ದಲ್ಲ. ಕೋಲ್ಮನ್ 1920ರಲ್ಲಿ ಮೈಸೂರಿನ ರಾಗಿ ಬೇಸಾಯದ ಬಗ್ಗೆ ಪ್ರತ್ಯೇಕ ಪುಸ್ತಿಕೆಯನ್ನೇ ಹೊರತಂದರು. ಅದೇ ಕಾಲಕ್ಕೆ ರೈತರ ಹೊಲದ ರಾಗಿಯಿಂದ ಒಳ್ಳೆಯ ತೆನೆಗಳನ್ನು ಆರಿಸಿ, ಒಂದೊಂದು ತೆನೆಯ ಬೀಜವನ್ನೂ ಬೇರೆ ಬೇರೆ ಸಾಲಿನಲ್ಲಿ ಬೆಳೆದು, ಅವುಗಳಲ್ಲಿ ಗಟ್ಟಿಯಾದವನ್ನು ಉಳಿಸಿಕೊಳ್ಳುವ ಕೆಲಸ ಆರಂಭವಾಗಿತ್ತು. ಎಚ್-22 ಎಂಬ ತಳಿ ಹೀಗೆ ಬಂದ ಮೊದಲಿಗರಲ್ಲಿ ಒಂದು.

ಆರಿಸುವುದಕ್ಕೆ ಒಂದು ಮಿತಿಯಿದೆ. ಹೊಲದಲ್ಲಿ ಇರುವ ಗುಣವನ್ನಷ್ಟೇ ಆರಿಸಬಹುದು, ಇಲ್ಲದ ಗುಣವನ್ನು ತರಲಾಗದು. ಅದನ್ನು ತರಲು ಎರಡು ತಳಿಗಳನ್ನು ಕೂಡಿಸಬೇಕು. ರಾಗಿಯಲ್ಲಿ ಆ ಕೆಲಸ ಹಲವು ದಶಕ ಕೈಗೂಡಲಿಲ್ಲ. ಅದು ಕೈಗೂಡಿದ ಜಾಗ ರಾಗಿಗಾಗಿ ಹುಟ್ಟಿದ ಕೇಂದ್ರವೇ ಅಲ್ಲ.

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿತ್ತು. ಕಟ್ಟೆಯಿಂದ ಹೊರಟ ನಾಲೆಗೆ ಆಗಿನ ವೈಸರಾಯ್ ಇರ್ವಿನ್ ಹೆಸರಿಟ್ಟರು. ಅದೇ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ರಾಗಿ, ಹುರುಳಿ, ಎಳ್ಳು ಬಿತ್ತುತ್ತಿದ್ದ ಮಂಡ್ಯ ಸೀಮೆಯ ಬೆದ್ದಲು ಹೊಲಗಳಿಗೆ ಒಮ್ಮೆಲೇ ಹರಿಯುವ ನೀರು ಬಂತು. ಎಷ್ಟು ನೀರು ಕಟ್ಟಬೇಕು, ಯಾವ ಮಣ್ಣಿಗೆ ಯಾವ ಬೆಳೆ, ನೀರು ನಿಂತರೆ ಬಸಿಯುವುದು ಹೇಗೆ ಎಂಬುದನ್ನು ತೋರಿಸಿಕೊಡಲು 1931ರಲ್ಲಿ ನಾಲೆಯ ಹೆಸರಿನಲ್ಲೇ ಒಂದು ಫಾರಂ ತೆರೆಯಿತು. ಇರ್ವಿನ್ ಕೆನಾಲ್ ಫಾರಂ ಆಗಿ ಹುಟ್ಟಿ ವಿ.ಸಿ. ಫಾರಂ ಆದದ್ದು ಅದೇ. ಅದರ ಮೊದಲ ಚಿಂತೆ ಭತ್ತ ಮತ್ತು ಕಬ್ಬು. ಕಬ್ಬು ಬೆಳೆಸಿದರೆ ಸಾಲದು, ಅರೆಯುವವರೂ ಬೇಕು. ಕೋಲ್ಮನ್ ಅದಕ್ಕೂ ಮುಂದಾದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ಜನರ ಬಾಯಲ್ಲಿ ಮೈಷುಗರ್, ಮಂಡ್ಯದಲ್ಲಿ ನೆಲೆಯೂರಿತು. ಮಂಡ್ಯ ಸಕ್ಕರೆ ನಾಡಾದ ಕಥೆಯ ಒಂದು ತುದಿ ಈ ಫಾರಂನಲ್ಲಿದೆ.

ಇಂಥ ನೀರಾವರಿ ಫಾರಂನಲ್ಲಿ ಒಣಭೂಮಿಯ ಬೆಳೆಯಾದ ರಾಗಿಗೆ ಏನು ಕೆಲಸ ಎಂದು ಯಾರಿಗಾದರೂ ಅನ್ನಿಸಬಹುದು. ಉತ್ತರ ನೀರಿನಲ್ಲೇ ಇದೆ. ಮಳೆಯನ್ನು ನಂಬಿದ ಹೊಲದಲ್ಲಿ ರಾಗಿ ವರ್ಷಕ್ಕೆ ಒಂದು ಬೆಳೆ. ನಾಲೆಯ ನೀರಿದ್ದರೆ ಕಾರು, ಹೈನು, ಬೇಸಿಗೆ ಎಂದು ಎರಡು ಮೂರು ಬೆಳೆ ತೆಗೆಯಬಹುದು. ತಳಿ ಕೂಡಿಸುವವರಿಗೆ ಪ್ರತಿ ಬೆಳೆಯೂ ಒಂದು ತಲೆಮಾರು. ಹತ್ತು ವರ್ಷ ಕಾಯಬೇಕಾದ ಫಲವನ್ನು ಅದರ ಅರ್ಧ ಕಾಲದಲ್ಲಿ ಕಾಣಬಹುದು.

ಆ ಹೊಲಕ್ಕೆ ಬಂದು ನೆಲೆ ನಿಂತವರು ಸಿ.ಎಚ್. ಲಕ್ಷ್ಮಣಯ್ಯ. ಮೈಸೂರಿನ ಸಮೀಪದ ಹಾರೋಹಳ್ಳಿಯಲ್ಲಿ 1921ರಲ್ಲಿ ಹುಟ್ಟಿದ ಅವರು ತಮ್ಮ ವೃತ್ತಿಜೀವನವನ್ನು ಒಂದೇ ಬೆಳೆಗೆ ಕೊಟ್ಟರು. ಜನ ಅವರನ್ನು ಕರೆದದ್ದೂ ‘ರಾಗಿ ಲಕ್ಷ್ಮಣಯ್ಯ’ ಎಂದೇ. ಹುದ್ದೆ ಬದಲಾದಂತೆ ಊರು ಬದಲಿಸುವುದು, ಯೋಜನೆ ಮುಗಿದಂತೆ ವಿಷಯ ಬದಲಿಸುವುದು ಸಂಶೋಧನೆಯಲ್ಲಿ ಸಾಮಾನ್ಯ. ಲಕ್ಷ್ಮಣಯ್ಯನವರು ದಶಕಗಳ ಕಾಲ ರಾಗಿಯ ತಾಕನ್ನು ಬಿಟ್ಟು ಕದಲಲಿಲ್ಲ. ಅವರ ಸಾಧನೆಯನ್ನು ಅಳೆಯುವಾಗ ಬುದ್ಧಿಯಷ್ಟೇ ಈ ಪಟ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅವರ ಎದುರಿಗಿದ್ದ ಕಷ್ಟ ರಾಗಿಯ ಹೂವಿನದು. ರಾಗಿ ತೆನೆಯಲ್ಲಿ ಬೆರಳುಗಳಂತಿರುವ ಇಲುಕುಗಳು, ಇಲುಕಿನ ತುಂಬ ಒತ್ತಿಕೊಂಡ ಕಿರುತೆನೆಗಳು, ಒಂದೊಂದು ಕಿರುತೆನೆಯೊಳಗೂ ಹಲವು ಹೂಗಳು. ಸಾವಿರ ಕಾಳು ಸೇರಿಸಿ ತೂಗಿದರೆ ಮೂರು ಗ್ರಾಂ ಆಸುಪಾಸು. ಅಂಥ ಕಾಳಾಗುವ ಹೂವು ಎಷ್ಟು ಚಿಕ್ಕದಿರಬೇಕು. ಅದು ಬಿರಿಯುವುದೋ ಅಪರಾತ್ರಿ ಕಳೆದು ಬೆಳಕು ಹರಿಯುವುದರೊಳಗೆ. ಬಿರಿದ ಕೂಡಲೇ ತನ್ನ ಪರಾಗ ತನ್ನ ಮೇಲೇ ಬಿದ್ದು ಕಾಳು ಕಟ್ಟಿಬಿಡುತ್ತದೆ. ಭತ್ತದ ಹೂವಿನಲ್ಲಿ ಕೇಸರಗಳನ್ನು ಚಿಮಟದಿಂದ ಕಿತ್ತು ಬೇರೆ ಗಿಡದ ಪರಾಗ ಹಾಕಬಹುದು. ರಾಗಿಯ ಹೂವಿಗೆ ಚಿಮಟ ತಾಗಿಸಿದರೆ ಹೂವೇ ಹಾಳಾಗುತ್ತದೆ.

ಹೀಗಾಗಿ ರಾಗಿಯ ತಳಿಗಾರರು ನೆಚ್ಚಿಕೊಂಡದ್ದು ತೆನೆಗೆ ತೆನೆ ತಾಗಿಸುವ ವಿಧಾನವನ್ನು. ತಾಯಿಯಾಗುವ ಗಿಡದ ತೆನೆಯಲ್ಲಿ ಆಗಲೇ ಅರಳಿದ ಹೂಗಳನ್ನು ತೆಗೆದುಹಾಕಬೇಕು. ತಂದೆಯಾಗುವ ಗಿಡದ ತೆನೆಯನ್ನು ಅದರ ಮಗ್ಗುಲಿಗೆ ಸೇರಿಸಿ ಕಟ್ಟಿ, ಎರಡಕ್ಕೂ ಒಂದೇ ಕಾಗದದ ಚೀಲ ಮುಚ್ಚಬೇಕು. ಹೂ ಬಿರಿಯುವ ಹೊತ್ತಿಗೆ ಚೀಲವನ್ನು ಮೆಲ್ಲಗೆ ಅಲುಗಾಡಿಸಿದರೆ ತಂದೆಯ ಪರಾಗ ತಾಯಿಯ ಮೇಲೂ ಒಂದಿಷ್ಟು ಬೀಳುತ್ತದೆ. ನೂರಾರು ಕಾಳುಗಳಲ್ಲಿ ಕೂಡಿಕೆಯಿಂದ ಹುಟ್ಟಿದ್ದು ಒಂದೋ ಎರಡೋ ಇರಬಹುದು. ಅದನ್ನು ಪತ್ತೆ ಹಚ್ಚಲು ಒಂದು ಜಾಣ ಉಪಾಯವಿದೆ. ತಾಯಿಗೆ ಹಸಿರು ಕಾಂಡದ ಗಿಡವನ್ನೂ ತಂದೆಗೆ ಗಿಣ್ಣಿನಲ್ಲಿ ನೇರಳೆ ಬಣ್ಣವಿರುವ ಗಿಡವನ್ನೂ ಆರಿಸಿಕೊಳ್ಳುವುದು. ತಾಯಿ ತೆನೆಯ ಕಾಳನ್ನೆಲ್ಲ ಬಿತ್ತಿ, ಪೈರುಗಳ ನಡುವೆ ಬಗ್ಗಿ ನೋಡುತ್ತ ಹೋದರೆ, ಹಸಿರಿನ ಮಧ್ಯೆ ನೇರಳೆ ಗಿಣ್ಣಿನ ಸಸಿಯೊಂದು ಕಂಡರೆ ಅದೇ ಬೇಕಾದದ್ದು. ಎರಡೂ ಗಿಡ ಒಂದೇ ದಿನ ಹೂ ಬಿಡುವಂತೆ ಹಲವು ದಿನಗಳ ಅಂತರದಲ್ಲಿ ಬಿತ್ತಿಕೊಳ್ಳಬೇಕು. ಇದೆಲ್ಲ ಕೈಕೆಲಸ, ಕಣ್ಣಿನ ಕೆಲಸ. ಇಂಥ ಕೆಲಸದಲ್ಲಿ ತಳಿವಿಜ್ಞಾನಿಯ ಜೊತೆ ನಿಲ್ಲುವವರು ಕ್ಷೇತ್ರ ಸಹಾಯಕರು ಮತ್ತು ಸುತ್ತಲ ಹಳ್ಳಿಗಳಿಂದ ಬರುವ ಕೂಲಿಯಾಳುಗಳು. ಚೀಲ ಕಟ್ಟುವುದು, ಚೀಟಿ ತೂಗುಹಾಕುವುದು, ತೆನೆ ತೆನೆಯನ್ನೂ ಬೇರೆ ಬೇರೆ ಬಡಿದು ಕಾಳು ಬೆರೆಯದಂತೆ ಕಾಯುವುದು ಅವರ ಪಾಲು. ಒಂದು ಚೀಟಿ ಅದಲುಬದಲಾದರೆ ವರ್ಷಗಳ ದುಡಿಮೆ ಮಣ್ಣುಪಾಲು. ತಳಿ ಬಿಡುಗಡೆಯ ಕಾಗದಗಳಲ್ಲಿ ಅವರ ಹೆಸರು ಬರುವುದಿಲ್ಲ.

1951ರಿಂದ 1964ರ ನಡುವೆ ಲಕ್ಷ್ಮಣಯ್ಯನವರ ತಾಕಿನಿಂದ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳು ಹೊರಬಂದವು. ಇವೆಲ್ಲ ನಾಡಿನ ರಾಗಿಗಳ ಒಳಗೊಳಗೇ ನಡೆದ ಆಯ್ಕೆ ಮತ್ತು ಕೂಡಿಕೆ. ದೊಡ್ಡ ಜಿಗಿತ ಬಂದದ್ದು ಅದರ ನಂತರ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಇಂದಿನ ಇಥಿಯೋಪಿಯ, ಉಗಾಂಡ ಪ್ರದೇಶ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ಬಂದ ರಾಗಿ ಇಲ್ಲಿ ಬೇರೆಯೇ ಆಗಿ ಬೆಳೆಯಿತು. ಇಲ್ಲಿನದು ಹೆಚ್ಚು ತೆಂಡೆ ಹೊಡೆಯುವ, ಬೇಗ ಕಟಾವಿಗೆ ಬರುವ, ನಮ್ಮ ಮಳೆಗೆ ಒಗ್ಗಿದ ಗಿಡ. ಅಲ್ಲಿನದು ದಪ್ಪ ಕಾಂಡ, ತುಂಬಿದ ದೊಡ್ಡ ತೆನೆ, ರೋಗ ತಡೆಯುವ ಕಸು, ಆದರೆ ಬಹಳ ತಡ. ಅಗಲಿದ ಈ ಎರಡು ಕವಲುಗಳನ್ನು ಲಕ್ಷ್ಮಣಯ್ಯನವರು ಮಂಡ್ಯದ ಹೊಲದಲ್ಲಿ ಮತ್ತೆ ಕೂಡಿಸಿದರು. ಇಂಡಿಯ ಮತ್ತು ಆಫ್ರಿಕ ಎಂಬ ಹೆಸರುಗಳ ಮೊದಲ ತುಣುಕುಗಳನ್ನು ಜೋಡಿಸಿ ಆ ಸಂತತಿಗೆ ‘ಇಂಡಾಫ್’ ಎಂದು ಹೆಸರಾಯಿತು.

ಆ ಕಾಲದ ಹಿನ್ನೆಲೆಯಲ್ಲಿಟ್ಟು ನೋಡಿದರೆ ಈ ಕೆಲಸದ ತೂಕ ಗೊತ್ತಾಗುತ್ತದೆ. 1965-66ರಲ್ಲಿ ದೇಶಕ್ಕೆ ಬರ ಬಡಿದಿತ್ತು, ಅಮೆರಿಕದ ಗೋಧಿ ಹಡಗುಗಳಲ್ಲಿ ಬರುತ್ತಿತ್ತು. ಗೋಧಿಗೆ ಮೆಕ್ಸಿಕೋದಿಂದ ಗಿಡ್ಡ ತಳಿಗಳು ಬಂದವು, ಭತ್ತಕ್ಕೆ ಫಿಲಿಪ್ಪೀನ್ಸ್‌ನಿಂದ ಐಆರ್-8 ಬಂತು. ರಾಗಿಗೆ ಹಾಗೆ ಸಿದ್ಧವಾದ ತಳಿಯನ್ನು ಕಳಿಸಿಕೊಡುವ ಜಾಗತಿಕ ಸಂಸ್ಥೆ ಇರಲಿಲ್ಲ. ಬಡವರ ಬೆಳೆ, ಒಣಭೂಮಿಯ ಬೆಳೆ ಎಂದು ಅದು ಹಸಿರು ಕ್ರಾಂತಿಯ ಪಟ್ಟಿಯಿಂದ ಹೊರಗೇ ಉಳಿದಿತ್ತು. ಗೋಧಿಗೆ ಮೆಕ್ಸಿಕೋದಲ್ಲಿ ನಡೆದ ಕೆಲಸ ರಾಗಿಗೆ ಮಂಡ್ಯದಲ್ಲೇ ನಡೆಯಬೇಕಾಯಿತು, ನಡೆಯಿತು. ಆಫ್ರಿಕದ ಹೆಸರಿಲ್ಲದ ರೈತರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಬೀಜದ ಋಣವೂ ಅದರ ಮೇಲಿದೆ.

ಇಂಡಾಫ್ ಸರಣಿಯಲ್ಲಿ ರೈತರ ವಿಶ್ವಾಸ ಗಳಿಸಿದ್ದು ಒಂದೇ ತಳಿ ಅಲ್ಲ, ಹಲವು. ಮಳೆ ಹೊತ್ತಿಗೆ ಸರಿಯಾಗಿ ಬಂದು ಜುಲೈ ಮೊದಲಲ್ಲೇ ಬಿತ್ತುವವರಿಗೆ ದೀರ್ಘಾವಧಿಯ ಇಂಡಾಫ್-8, ಮಳೆ ತಡವಾದವರಿಗೆ ಬೇಗ ಮಾಗುವ ಇಂಡಾಫ್-9, ನೀರಿದ್ದು ಬೇಸಿಗೆಯಲ್ಲಿ ಬೆಳೆಯುವವರಿಗೆ ಇಂಡಾಫ್-5. ಬೆದ್ದಲು ರೈತನಿಗೆ ಬಿತ್ತನೆಯ ದಿನ ತನ್ನ ಕೈಯಲ್ಲಿಲ್ಲ, ಮಳೆಯ ಕೈಯಲ್ಲಿದೆ. ಆದ್ದರಿಂದ ಮಳೆಯ ಪ್ರತಿಯೊಂದು ಗತಿಗೂ ಒಂದು ತಳಿ ಕೈಯಲ್ಲಿರಬೇಕು ಎಂಬ ಆಲೋಚನೆ ಈ ಸರಣಿಯಲ್ಲಿ ಕಾಣುತ್ತದೆ. ಮುಂದಿನ ದಶಕಗಳಲ್ಲಿ ಭತ್ತ, ಕಬ್ಬು, ಮುಸುಕಿನ ಜೋಳ, ಹಿಪ್ಪುನೇರಳೆಗಳು ರಾಗಿಯ ಹೊಲಗಳನ್ನು ಆಕ್ರಮಿಸಿದವು. ಬಿತ್ತನೆ ಕುಗ್ಗಿದಷ್ಟು ರಾಗಿಯ ಉತ್ಪಾದನೆ ಕುಗ್ಗಲಿಲ್ಲ. ಎಕರೆಗೆ ಬರುತ್ತಿದ್ದ ಇಳುವರಿ ಏರಿದ್ದೇ ಅದಕ್ಕೆ ಕಾರಣ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಂದಿಗೂ ಕರ್ನಾಟಕದ್ದೇ. ಲಕ್ಷ್ಮಣಯ್ಯನವರು 1993ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಸಂಸ್ಥೆಗಳ ಚೌಕಟ್ಟು ಬದಲಾಗಿತ್ತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹೆಬ್ಬಾಳದಲ್ಲಿ ಕಣ್ಣು ತೆರೆಯಿತು. ಮೊದಲ ಕುಲಪತಿ ತೋಟಗಾರಿಕೆಯ ವಿದ್ವಾಂಸ ಕೆ.ಸಿ. ನಾಯಕ್. ಅಮೆರಿಕದ ಟೆನೆಸ್ಸೀ ವಿಶ್ವವಿದ್ಯಾನಿಲಯದ ನೆರವಿನಲ್ಲಿ ರೂಪುಗೊಂಡ ಈ ವ್ಯವಸ್ಥೆಯಲ್ಲಿ ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಬಂದವು. ಇಲಾಖೆಯ ಕೈಯಲ್ಲಿದ್ದ ವಿ.ಸಿ. ಫಾರಂ ವಿಶ್ವವಿದ್ಯಾನಿಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರವಾಯಿತು. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರಕ್ಕೆ (ಜಿಕೆವಿಕೆ) 1969ರಲ್ಲಿ ಇಂದಿರಾ ಗಾಂಧಿಯವರು ಅಡಿಗಲ್ಲು ಹಾಕಿದರು. 1986ರಲ್ಲಿ ಕಿರುಧಾನ್ಯಗಳಿಗೆಂದೇ ಅಖಿಲ ಭಾರತ ಸಮನ್ವಯ ಯೋಜನೆ ಬೇರೆಯಾದಾಗ ಅದರ ಕೇಂದ್ರ ಕಚೇರಿ ಜಿಕೆವಿಕೆಗೆ ಬಂತು. ಅದನ್ನು ಮೊದಲು ಮುನ್ನಡೆಸಿದವರು ಎ. ಸೀತಾರಾಂ.

ಈ ಯೋಜನೆಯ ತಂಡದ ಎದುರಿಗೆ ಬಂದ ಸವಾಲು ಇಂಡಾಫ್ ತಳಿಗಳ ದುರ್ಬಲ ಜಾಗವೇ ಆಗಿತ್ತು. ಇಂಡಾಫ್ ಇಳುವರಿ ಕೊಟ್ಟಿತು, ಆದರೆ ಅದರ ಹಲವು ತಳಿಗಳಿಗೆ ಬೆಂಕಿ ರೋಗ ಬೇಗ ತಗುಲುತ್ತಿತ್ತು. ತೆನೆ ಹೊರಟ ಮೇಲೆ ಕುತ್ತಿಗೆಗೆ ರೋಗ ಬಿದ್ದರೆ ಇಡೀ ತೆನೆ ಜೊಳ್ಳು. ರಾಗಿ ಬೆಳೆಗಾರನಿಗೆ ಹಸಿರು ಹೊಲದಲ್ಲಿ ಬೆಳ್ಳಗೆ ಬಗ್ಗಿದ ತೆನೆ ಕಂಡ ದಿನವೇ ಎದೆ ಒಡೆಯುತ್ತದೆ. ರಾಗಿಗೆ ಔಷಧ ಹೊಡೆಯುವಷ್ಟು ಹಣವೂ ಅವನಲ್ಲಿರುವುದಿಲ್ಲ. ರೋಗ ತಡೆಯುವ ಗುಣ ಬೀಜದೊಳಗೇ ಇರಬೇಕು. ಇಂಡಾಫ್-5ನ್ನು, ಇಂಡಾಫ್-9 ಮತ್ತು ಐಇ-1012 ಎಂಬ ರಾಗಿಯ ಸಂತಾನದೊಂದಿಗೆ ಕೂಡಿಸಿ ಜಿಕೆವಿಕೆಯಲ್ಲಿ ಪಡೆದ ಜಿಪಿಯು-28 ಇದಕ್ಕೆ ಉತ್ತರವಾಯಿತು. 1990ರ ದಶಕದ ಉತ್ತರಾರ್ಧದಲ್ಲಿ ಬಿಡುಗಡೆಯಾದ ಈ ತಳಿ ಕೆಲವೇ ವರ್ಷಗಳಲ್ಲಿ ದಕ್ಷಿಣ ಕರ್ನಾಟಕದ ರಾಗಿ ಹೊಲಗಳ ಬಹುಭಾಗವನ್ನು ಆವರಿಸಿತು. ಅದರ ವಂಶಾವಳಿಯ ಎರಡು ಕಡೆಯೂ ಲಕ್ಷ್ಮಣಯ್ಯನವರ ಇಂಡಾಫ್ ಇದೆ.

ಮಂಡ್ಯದ ಹೊಲದಲ್ಲಿ ರಾಗಿಯ ಪಕ್ಕದಲ್ಲೇ ಭತ್ತದ ಕೆಲಸವೂ ನಡೆದಿತ್ತು. ಅದರ ಮುಖ್ಯ ಹೆಸರು ಎಂ. ಮಹದೇವಪ್ಪ. ಚಾಮರಾಜನಗರ ಸೀಮೆಯ ಮಾದಾಪುರದಲ್ಲಿ 1937ರಲ್ಲಿ ಹುಟ್ಟಿದ ಅವರು ಭತ್ತದ ತಳಿಗಾರರಾಗಿ ಹೆಸರಾದರು. ಕರ್ನಾಟಕದ ಹೈಬ್ರಿಡ್ ಭತ್ತದ ಕೆಲಸ ಬೇರೂರಿದ್ದು ವಿ.ಸಿ. ಫಾರಂನಲ್ಲಿ. ಅಲ್ಲಿಂದ 1990ರ ದಶಕದಲ್ಲಿ ಹೊರಬಂದ ಕೆಆರ್‌ಎಚ್-2 ರಾಜ್ಯದ ಆಚೆಗೂ ಬೆಳೆಯಿತು. ಮಹದೇವಪ್ಪನವರು ಮುಂದೆ ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಕುಲಪತಿಯಾದರು, 2005ರಲ್ಲಿ ಪದ್ಮಭೂಷಣ ಪಡೆದರು, 2021ರಲ್ಲಿ ಕಾಲವಾದರು.

ತಳಿಯ ಜೊತೆಗೆ ಬೇಸಾಯ ಕ್ರಮದ ಸುಧಾರಣೆಯೂ ನಡೆಯಿತು. ಇಲ್ಲಿ ರೈತರೇ ಮುಂದಿದ್ದ ಸಂದರ್ಭಗಳಿವೆ. ಹಾವೇರಿ ಕಡೆಯ ರೈತರ ಗುಳಿ ರಾಗಿ ಅಂಥದ್ದು. ಹೊಲದಲ್ಲಿ ಚೌಕಾಕಾರವಾಗಿ ಗೆರೆ ಹೊಡೆದು, ಗೆರೆಗಳು ಕೂಡುವಲ್ಲಿ ಗುಳಿ ಮಾಡಿ, ಗೊಬ್ಬರ ಹಾಕಿ, ಎಳೆ ಸಸಿ ನೆಡುತ್ತಾರೆ. ಸಸಿ ಬೇರೂರಿದ ಮೇಲೆ ಅದರ ಮೇಲೆ ಮರದ ಕೊರಡನ್ನು ಎಳೆದು ಬಾಗಿಸುತ್ತಾರೆ. ಹಾಗೆ ನೋಯಿಸಿದ ಗಿಡ ಬುಡದಿಂದ ಹೆಚ್ಚು ತೆಂಡೆ ಒಡೆಯುತ್ತದೆ. ಕಡಿಮೆ ಬೀಜದಲ್ಲಿ ಹೆಚ್ಚು ತೆನೆ ಪಡೆಯುವ ಈ ಪದ್ಧತಿಯನ್ನು ವಿಜ್ಞಾನಿಗಳು ಬಂದು ನೋಡಿ ಕಲಿತುಕೊಂಡರು.

ರೈತರನ್ನು ಕೇಳಿ ತಳಿ ಆರಿಸುವ ಕ್ರಮ 2000ದ ನಂತರ ಸಂಶೋಧನೆಯ ಒಳಗೇ ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಎಂಎಲ್-365 ಹೀಗೆ ರೈತರ ಹೊಲದಲ್ಲೇ ಪರೀಕ್ಷೆಗೊಂಡು 2008ರಲ್ಲಿ ಬಿಡುಗಡೆಯಾದ ತಳಿ. ಬರ ಮತ್ತು ಬೆಂಕಿ ರೋಗವನ್ನು ಅದು ತಡೆಯುತ್ತದೆಯೇ ಎಂಬುದರ ಜೊತೆಗೆ ಅದರ ಹಿಟ್ಟಿನಲ್ಲಿ ಮುದ್ದೆ ಹೇಗೆ ಕಟ್ಟುತ್ತದೆ ಎಂಬುದನ್ನೂ ನೋಡಲಾಯಿತು. ಒಂದು ಕಾಲಕ್ಕೆ ಇಳುವರಿಯ ಅಂಕಿ ಮಾತ್ರ ಮುಖ್ಯವಾಗಿದ್ದ ಕಡೆ ಒಲೆಯ ಮುಂದಿನ ಹೆಂಗಸರ ತೀರ್ಪಿಗೂ ಜಾಗ ಸಿಕ್ಕಿದ್ದು ಸಣ್ಣ ಬದಲಾವಣೆಯಲ್ಲ. ಇದೇ ತಳಿಯನ್ನು ಆಧರಿಸಿ ಶೈಲಜಾ ಹಿತ್ತಲಮನಿ ಅವರ ತಂಡ 2017ರಲ್ಲಿ ರಾಗಿಯ ಜೀನೋಮ್ ನಕ್ಷೆಯನ್ನು ಪ್ರಕಟಿಸಿತು. ವಿ.ಸಿ. ಫಾರಂನಿಂದ ಎಂಆರ್ ಮತ್ತು ಕೆಎಂಆರ್ ಹೆಸರಿನ ರಾಗಿಗಳು ಒಂದರ ಹಿಂದೊಂದು ಬಂದಿವೆ. ಅವುಗಳಲ್ಲಿ ಬೇಕರಿ ತಿನಿಸುಗಳಿಗೂ ಒಗ್ಗುವ ಬಿಳಿ ಕಾಳಿನ ಕೆಎಂಆರ್-340 ಕೂಡ ಒಂದು.